ಎಲೆತೋಟದ ಹೊರಗೆ ಬಿಟ್ಟ ಚಪ್ಪಲಿ

ಹೋದ ವಾರ ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಹಾನಗಲ್ಲಿನ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಇಬ್ಬರು ಹೆಂಗಸರು ಒದ್ದೆ ಗೋಣಿತಾಟು ಹೊದಿಸಿದ ಎರಡು ಬುಟ್ಟಿಗಳನ್ನು ತಂದು ನನ್ನ ಕಾಲ ಹತ್ತಿರವೇ ಇಳಿಸಿದರು. ಮುಚ್ಚಿದ್ದರೂ ವಾಸನೆ ಬಂತು. ಹಸಿ ವೀಳ್ಯದೆಲೆಯ ವಾಸನೆ. ಸ್ವಲ್ಪ ಖಾರ, ಸ್ವಲ್ಪ ಕೆಸರು, ನೆರಳಿನಲ್ಲಿ ಬೆಳೆದದ್ದಕ್ಕೆ ಮಾತ್ರ ಇರುವ ಒಂದು ತಂಪು.

"ಬುಟ್ಟಿಗೆ ಲಗೇಜ್ ಟಿಕೀಟ ತಗೀಬೇಕ್ರಿ," ಅಂದ ಕಂಡಕ್ಟರ್.

"ಹೆಣಮಕ್ಕಳಿಗೆ ಫ್ರೀ ಐತಿಲ್ರಿ? ನಮ್ಮ ಬುಟ್ಟೀನೂ ಹೆಣ್ಣ ಐತಿ, ಹರೀರಿ ಫ್ರೀ ಟಿಕೀಟ," ಅಂದಳು ಒಬ್ಬಳು. ಸುತ್ತ ಕುಳಿತವರೆಲ್ಲ ನಕ್ಕರು. ಬಸ್ಸು ಬಂತು, ಬುಟ್ಟಿಗಳು ಹತ್ತಿದವು, ಬಸ್ಸು ಹೋಯಿತು. ನಾನು ಮಾತ್ರ ಹತ್ತಲಿಲ್ಲ. ಎದ್ದು ಸ್ಟ್ಯಾಂಡಿನ ಹಿಂದಿನ ಓಣಿಯ ಕಡೆ ನಡೆದೆ. ಯಾಕೆ ನಡೆದೆ ಎಂದು ಹೇಳಬೇಕಾದರೆ ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷ ತುಂಬಿದ ಆ ಮಳೆಗಾಲವನ್ನು ಹೇಳಬೇಕು. ಹೇಳುವ ಮನಸ್ಸಿಲ್ಲ. ಆದರೂ ಹೇಳುತ್ತೇನೆ.

ನಮ್ಮ ಅಪ್ಪ ಸ್ವಾತಂತ್ರ್ಯ ಹೋರಾಟಗಾರರು. ಹಾನಗಲ್ಲಿನಲ್ಲಿ ಇದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ, "ಮಾಸ್ತರ ಮಗಳು" ಅಂದರೆ ಸಾಕು, ತಹಶೀಲ್ದಾರ ಕಚೇರಿಯಲ್ಲೂ ಕುರ್ಚಿ ಎಳೆದು ಕೊಡುತ್ತಾರೆ. ನಲವತ್ತೆರಡರ ಚಲೇಜಾವ್ ಚಳವಳಿಯ ಹೊತ್ತಿಗೆ ಅವರಿಗೆ ಇಪ್ಪತ್ತನಾಲ್ಕು ವರ್ಷ. ಸಾಲಿ ಮಾಸ್ತರಿಕೆ ಬಿಟ್ಟು ಭೂಗತರಾದರು. ತಂತಿ ಕಡಿದರು, ಚಾವಡಿಯ ದಫ್ತರ ಸುಟ್ಟರು. ಸಿಕ್ಕಿಬಿದ್ದ ಮೇಲೆ ಪೊಲೀಸರ ಕೈಯಲ್ಲಿ ಮೂರು ಹಲ್ಲು ಕಳೆದುಕೊಂಡರು. ಆದರೆ ಒಬ್ಬ ಸಂಗಾತಿಯ ಹೆಸರನ್ನೂ ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ಯಾರಾದರೂ ಅವರನ್ನು ಹೇಡಿ ಅಂದುಕೊಳ್ಳಬಹುದು. ನಮ್ಮ ಅಪ್ಪ ಹೇಡಿಯಾಗಿರಲಿಲ್ಲ. ಆಗಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು.

ಇಂಗ್ರೇಜರನ್ನು ಓಡಿಸಿದ ಅದೇ ಅಪ್ಪ ನನ್ನನ್ನು ಹುಬ್ಬಳ್ಳಿಯ ಒಂದು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. "ಅವರನ್ನ ಹೊರಗ ಹಾಕಿ, ಅವರ ಮಾತನ್ನ ಮನಿಯೊಳಗ ಕರಕೊಂಡು ಬರಾಕತ್ತೀರೇನು?" ಎಂದು ಅವ್ವ ಹಂಗಿಸುತ್ತಿದ್ದಳು.

"ಮಾತು ಏನ್ ತಪ್ಪು ಮಾಡೇತಿ? ಅದರ ಮ್ಯಾಲೆ ನನಗ ಸಿಟ್ಟಿಲ್ಲ," ಅನ್ನುತ್ತಿದ್ದರು ಅಪ್ಪ.

ತಿಂಗಳಿಗೊಮ್ಮೆ ನನ್ನನ್ನು ನೋಡಲು ಬರುತ್ತಿದ್ದರು. ಖಾದಿ ಧೋತರ, ಖಾದಿ ಅಂಗಿ, ಕಂಕುಳಲ್ಲಿ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಮೊದಲ ಸಲ ಸಿಸ್ಟರ್ ಅದನ್ನು ತಿಂಡಿಯೆಂದೇ ತಿಳಿದು ಕೈಚಾಚಿದ್ದರು. ಒಳಗಿದ್ದದ್ದು ಅಪ್ಪನ ಚಪ್ಪಲಿ. ಎಲ್ಲಿ ಹೋದರೂ ಅಪ್ಪ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುತ್ತಿರಲಿಲ್ಲ. ಕಳಚಿ, ಪೇಪರಿನಲ್ಲಿ ಸುತ್ತಿ, ಕಂಕುಳಿಗೆ ಸೇರಿಸಿಕೊಂಡೇ ಒಳಗೆ ಬರುತ್ತಿದ್ದರು. ಮದುವೆಯ ಮಂಟಪಕ್ಕೂ ಹಾಗೆಯೇ, ಮಠಕ್ಕೂ ಹಾಗೆಯೇ. "ಸೋ ಹಂಬಲ್, ಯುವರ್ ಫಾದರ್," ಅಂದಿದ್ದರು ಸಿಸ್ಟರ್. ಊರವರು ಅದನ್ನು ಜೈಲಿನ ರೂಢಿ ಅಂದರು, ಅಲ್ಲಿ ಕಳ್ಳರ ನಡುವೆ ಇದ್ದು ಬಂದವರಲ್ಲವೇ ಎಂದರು. ಅವರು ತೀರಿಕೊಂಡಾಗ ಭಾಷಣ ಮಾಡಿದವರೊಬ್ಬರು ಆ ಚಪ್ಪಲಿಯ ಮೇಲೆಯೇ ಹತ್ತು ನಿಮಿಷ ಮಾತಾಡಿದರು: ಸರಳತೆ, ಅಪರಿಗ್ರಹ, ಇತ್ಯಾದಿ. ಜನ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಆ ವರ್ಷ ಜೂನಿನಲ್ಲಿ ಶಿವಬಸಪ್ಪನವರು ನಮ್ಮ ಮನೆಗೆ ಬಂದರು. ಬೀಜ ಗೊಬ್ಬರದ ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಊರ ಕೆಲಸಕ್ಕೆ ನಿಂತವರು, ಸ್ಮಾರಕ ಸಮಿತಿಗೆ ಅವರೇ ಅಧ್ಯಕ್ಷರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಹೋರಾಟಗಾರರ ಹೆಸರು ಕೊರೆಸಿದ ಒಂದು ಕಲ್ಲು, ಜೊತೆಗೊಂದು ಪುಸ್ತಕ, ಎರಡೂ ಆಗಸ್ಟ್ ಹದಿನೈದಕ್ಕೆ ಆಗಬೇಕು.

"ಪುಸ್ತಕದ ಕೆಲಸಾ ನೀವ ನೋಡ್ರಿ ಬಾಯಾರ. ಕಾಲೇಜಿನ್ಯಾಗ ಅಷ್ಟ ವರ್ಷ ಕಲಿಸೀರಿ."

"ನಾನು ಕಲಿಸಿದ್ದು ಇಂಗ್ಲಿಷ್, ಶಿವಬಸಪ್ಪನವರ."

"ನಿಮ್ಮ ಇಂಗ್ಲೀಷು ನಮಗ ಬ್ಯಾಡ್ರಿ. ನಿಮ್ಮ ಅಪ್ಪಾರ ಹೆಸರು ಬೇಕು," ಅಂದು ಅವರು ದೊಡ್ಡದಾಗಿ ನಕ್ಕರು. ಚಹಾ ಕುಡಿದರು. ನಾನು ಒಪ್ಪಿಕೊಂಡೆ. ಎಪ್ಪತ್ತು ದಾಟಿದ, ಒಂಟಿ ಹೆಂಗಸಿಗೆ ಕೆಲಸ ಕೊಡುವವರು ಯಾರಿರುತ್ತಾರೆ? ಫ್ರ್ಯಾಂಕಲೀ, ನನಗೆ ಹೆಮ್ಮೆಯಾಗಿತ್ತು.

ಆ ಸಲ ಮಳೆ ಹೊತ್ತಿಗೆ ಸರಿಯಾಗಿ ಬಂದು, ಆಮೇಲೆ ನಿಲ್ಲುವುದನ್ನೇ ಮರೆತುಬಿಟ್ಟಿತು. ಸಮಿತಿಯ ಜೀಪಿನಲ್ಲಿ ಶಿವಬಸಪ್ಪನವರು ಮುಂದೆ, ನಾನು ಹಿಂದೆ, ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಫೈಲು. ತಿಳವಳ್ಳಿಗೆ ಹೋದಾಗ ಗದ್ದೆಯಲ್ಲಿ ನಾಟಿ ನಡೆದಿತ್ತು. ಸೆರೆಮನೆಯಲ್ಲೇ ಸತ್ತ ಒಬ್ಬರ ಮೊಮ್ಮಗಳು ಕೆಸರುಗೈಯಲ್ಲೇ ಬದುವಿಗೆ ಬಂದು, "ನಮ್ಮ ಅಜ್ಜಂದು ಫೋಟೋ ಇಲ್ರಿ, ಇಡೀ ಮನಿಯಾಗ ಅವನ ಗುರುತು ಅಂದ್ರ ನನ್ನ ಸಿಟ್ಟು ಒಂದ," ಅಂದಳು. ಚಿಕ್ಕೇರೂರಿನಲ್ಲಿ ಜಗಳವೇ ಆಯಿತು. ಸಮಿತಿಯ ಚಿತ್ರಕಾರ ಎಲ್ಲರ ತಲೆಗೂ ಬಿಳಿ ಟೋಪಿ ಬರೆದಿದ್ದ. "ನಮ್ಮ ಮುತ್ಯಾ ಟೊಪಿಗಿ ಹಾಕಿದಾವ ಅಲ್ರಿ, ಪಟಗಾ ಸುತ್ತತಿದ್ದ. ಇಂವ ಯಾವಾಂವ ಮತ್ತ?" ಎಂದು ಮೊಮ್ಮಗ ಚಿತ್ರವನ್ನು ತಿರುಗಿಸಿ ಕೊಟ್ಟ. "ಪಟಗಾ ಆದ್ರ ಬಣ್ಣ ಹೆಚ್ಚಿಗಿ ಬೇಕಾಗತೈತೋ," ಅಂದರು ಶಿವಬಸಪ್ಪನವರು. ಶಿಗ್ಗಾಂವಿಯಲ್ಲಿ ಒಬ್ಬರ ಮನೆಯವರು ನಮ್ಮನ್ನು ಎರಡು ತಾಸು ಕೂರಿಸಿ ಮಿರ್ಚಿ ಮಂಡಕ್ಕಿ ತಿನ್ನಿಸಿದರು. ಕೊನೆಗೆ ತಮ್ಮ ಅಜ್ಜ ಜೈಲಿಗೆ ಹೋಗಿದ್ದು ಹೌದು, ಆದರೆ ಹೋದದ್ದು ಬೇರೆ ವಿಷಯಕ್ಕೆ ಅಂದರು. ಡ್ರೈವರನೂ ಸೇರಿ ನಾವು ಮೂವರೂ ನಕ್ಕೆವು. ಆ ನಗು ಈಗ ನೆನಪಾದರೆ ಅದು ಬೇರೆ ಯಾರದೋ ಅನ್ನಿಸುತ್ತದೆ.

ಸಂಜೆ ಮನೆಗೆ ಬಂದು ಒಂದೊಂದೇ ಬರಹ ಟೈಪು ಮಾಡುತ್ತಿದ್ದೆ. ಪುಸ್ತಕದ ಮೊದಲ ಬರಹ ಅಪ್ಪನದೇ. ಅವರೇ ನೋಟುಬುಕ್ಕಿನಲ್ಲಿ ಬರೆದಿಟ್ಟದ್ದು. ಚಿಕ್ಕಂದಿನಿಂದ ನನಗದು ಬಾಯಿಪಾಠ. ಅದರಲ್ಲಿ ಒಂದು ಸಾಲು ಹೀಗಿತ್ತು: "ನವಾಬರ ಹದ್ದಿನ ಎಲೆತೋಟದಲ್ಲಿ ಹನ್ನೊಂದು ದಿನ ಅಡಗಿದ್ದೆ. ತೋಟದ ಮೌಲಾಸಾಬನ ದ್ರೋಹದಿಂದ ಸೆರೆಸಿಕ್ಕೆ." ಸವಣೂರು ಆಗ ನವಾಬರ ಸಂಸ್ಥಾನ, ಸುತ್ತಲಿನದು ಇಂಗ್ರೇಜಿ ಸರಕಾರದ್ದು. ನಡುವೆ ಒಂದು ಹಳ್ಳ. ಹಳ್ಳ ದಾಟಿದರೆ ಸರಕಾರದ ಪೊಲೀಸರು ನವಾಬರ ಕಡೆಯವರನ್ನು ಕೇಳದೆ ಹಿಂದೆ ಬರುವಂತಿಲ್ಲ. ಭೂಗತರಾದವರಿಗೆ ಅದು ಗೊತ್ತಿತ್ತು. ನಾನು ಆ ಸಾಲನ್ನು ಹಾಗೆಯೇ ಟೈಪು ಮಾಡಿದೆ. ಮೌಲಾಸಾಬ ಅನ್ನುವವನಿಗೆ ಒಂದು ಮನೆ ಇದ್ದಿರಬಹುದು, ಮಕ್ಕಳು ಇದ್ದಿರಬಹುದು ಎಂದು ಆ ವಯಸ್ಸಿನವರೆಗೂ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಜುಲೈ ನಡುವಿಗೆ ಒಂದು ಫೋನು ಬಂತು. "ಬಾಯಾರ, ನಾನು ಸವಣೂರಿಂದ ದಾದಾಪೀರ್ ಅಂತ, ಎಲಿ ಅಂಗಡಿ ಐತ್ರಿ. ನೀವು ಪುಸ್ತಕಾ ಮಾಡಾಕತ್ತೀರಂತ ಕೇಳಿ ನಮ್ಮ ಅಮ್ಮಾ ಎರಡ ದಿನದಿಂದ ಊಟಾ ಮಾಡವಲ್ಲಳು. ನಿಮ್ಮನ್ನ ನೋಡಬೇಕಂತ. ತೋಟದ ಮೌಲಾಸಾಬನ ಮಗಳು ಆಕಿ."

ಶಿವಬಸಪ್ಪನವರಿಗೆ ಹೇಳದೆ ನಾನೊಬ್ಬಳೇ ಬಸ್ಸಿಗೆ ಹೋದೆ. ಸಣ್ಣಗೆ ಜಿನುಗುವ ಮಳೆ. ದಾದಾಪೀರ್ ನನ್ನನ್ನು ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದ. ಅರವತ್ತರ ಗಂಡಸು, ಮಾತು ಕಡಿಮೆ, ಕೈ ಮಾತ್ರ ಎಲೆ ಒರೆಸುವುದನ್ನು ನಿಲ್ಲಿಸುವುದಿಲ್ಲ. ಒಳಗೆ ಮಂಚದ ಮೇಲೆ ಹುಸೇನಬಿ ಕುಳಿತಿದ್ದರು. ತೊಂಬತ್ತಾಗಿತ್ತಂತೆ. ಕಣ್ಣು ಮಂಜಾಗಿದ್ದರೂ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಮಾಸ್ತರ ಮಗಳ ಹೌದು. ಮೂಗು ಅದ ಐತಿ. ಕುಂದರ್ರಿ."

ಕುಳಿತೆ.

"ನನಗ ಆಗ ಹತ್ತ ವರ್ಷ. ತೋಟಕ್ಕ ನಿಮ್ಮಪ್ಪಾರಿಗೆ ರೊಟ್ಟಿ ಒಯ್ಯಾಕಿ ನಾನ. ಮಾಸ್ತರ ಮಾಮಾ ಅಂತಿದ್ದೆ. ಎಲಿತೋಟಕ್ಕ ಕಾಲಾಗ ಹಾಕ್ಕೊಂಡು ಯಾರೂ ಹೋಗಂಗಿಲ್ಲ, ಗೊತ್ತೈತಿಲ್ರಿ ನಿಮಗ?"

ಗೊತ್ತಿತ್ತು. ನಮ್ಮ ಕಡೆ ಎಲೆಬಳ್ಳಿಯ ತೋಟಕ್ಕೆ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ಹಿಂದೂಗಳಿಗೆ ಬಳ್ಳಿ ಲಕ್ಷ್ಮಿ, ಮುಸಲ್ಮಾನರಿಗೆ ಬರಕತ್ತು. ಮೆಟ್ಟಿದರೆ ಬಳ್ಳಿ ಕೊಳೆಯುತ್ತದೆ ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಂದೇ ನಂಬಿಕೆ. ತೋಟದ ಧಣಿಯೂ ಬೇಲಿಯ ದಿಡ್ಡಿಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು.

"ಮೊದಲನೇ ದಿನ ಪೊಲೀಸರು ಬೆನ್ನ ಹತ್ಯಾರ, ಇವರು ಏದುಸರು ಬಿಡಾಕತ್ತಾರ. ಆದ್ರೂ ನಿಮ್ಮಪ್ಪಾರು ದಿಡ್ಡಿ ಹೊರಗ ಚಪ್ಪಲಿ ಬಿಟ್ಟು, ಬಳ್ಳಿಗೆ ಕೈಮುಗದು ಒಳಗ ಬಂದ್ರು. ನಮ್ಮ ಅಬ್ಬಾಗ ಭಾಳ ಖುಷಿ. 'ಜೀವಾ ಹೋಗೋ ಹೊತ್ತಿನ್ಯಾಗೂ ಬಳ್ಳಿ ಮರ್ಯಾದಿ ಬಿಡಲಿಲ್ಲ ನೋಡ ಮಾಸ್ತರ್ರು' ಅಂತ ರಾತ್ರಿಯೆಲ್ಲಾ ಅದನ್ನ ಹೇಳಿದ. ಆದ್ರ ಅವು ಊರ ಮಂದಿ ಚಪ್ಪಲಿ, ಮ್ಯಾಲೆ ಹಿತ್ತಾಳಿ ಗುಂಡಿ. ನಾವೆಲ್ಲಾ ಬರಿಗಾಲ ಮಂದಿ. ಅಲ್ಲಿ ಅಂಥ ಚಪ್ಪಲಿ ಕಂಡ್ರ ಯಾರಿಗೂ ತಿಳೀತಿತ್ತು, ಒಳಗ ಹೊರಗಿನವರು ಅದಾರಂತ. ಬೆಳಗಾಮುಂಜಾನಿ ಹಳ್ಳಕ್ಕ ಹೋಗಿ ಬಂದು ಮತ್ತ ಅಲ್ಲೇ ಬಿಡೋರು. ದಿನಾ ನಾನ ಅವನ್ನ ಎತ್ತಿ, ದಿಡ್ಡಿ ಬಾಜೂಕ ಇರೋ ಎಲಿಬುಟ್ಟ್ಯಾಗ ಹಾಕಿ ಗೋಣಿತಾಟು ಮುಚ್ಚತಿದ್ದೆ."

ಅವರು ಉಸಿರು ತೆಗೆದುಕೊಂಡರು. ಹೊರಗೆ ತಗಡಿನ ಮೇಲೆ ಮಳೆ ಜೋರಾಯಿತು.

"ಹನ್ನೊಂದನೇ ದಿನ ನನ್ನ ಕೈಯಾಗ ಚೀಟಿ ಕೊಟ್ಟು ಹಳ್ಳದ ಆಚೀಕ ಕಳಿಸಿದ್ರು. ಹೋಗುಮುಂದ ಹೇಳಿ ಹೋಗೇನಿ. 'ಮಾಮಾ, ಇವತ್ತ ನಾನು ಇರಂಗಿಲ್ಲ, ಚಪ್ಪಲಿ ನೀವ ಬುಟ್ಟ್ಯಾಗ ಮುಚ್ಚಿಡ್ರಿ.' 'ಹೂನವ್ವಾ' ಅಂದ್ರು. ಮರತ್ರು."

"ನೀವು ಕಣ್ಣಾರೆ ನೋಡಿದಿರಾ?" ಅಂದೆ. ಕ್ಲಾಸಿನಲ್ಲಿ ಕಾಪಿ ಹೊಡೆದ ಹುಡುಗಿಯನ್ನು ಕೇಳುವ ದನಿಯಲ್ಲಿ. ಆ ದನಿ ನನ್ನದೇ ಎಂದು ನಾಚಿಕೆಯಾಯಿತು.

"ನೋಡೇನ್ರಿ. ನಾನು ಹೊಳ್ಳಿ ಬರೂದ್ರಾಗ ದಿಡ್ಡಿಗೆ ಪೊಲೀಸರು ನಿಂತಿದ್ರು. ಸರಕಾರದವರು ಮೂವರು, ನವಾಬರ ಕಡ್ಯಾವ್ರು ಇಬ್ಬರು. ಸುತ್ತಲಿನ ತೋಟ ಎಲ್ಲಾ ಜಾಲಾಡಿ, ಏನೂ ಸಿಗದ ಮನಿಗೆ ಹೊಂಟವರು. ಜಮಾದಾರ ಬಡಿಗಿ ತುದೀಲೆ ಚಪ್ಪಲಿ ಎತ್ತಿ ಹಿಡದ, ನಮ್ಮ ಅಬ್ಬಾನ ಮಾರಿ ಮುಂದ. 'ಏನ್ ಸಾಬಣ್ಣ, ತೋಟಕ್ಕ ಬೀಗರು ಬಂದಾರೇನು?' ಅಂತ ಕೇಳಿದ. ನಗಾಕತ್ತಿದ್ದ ಅಂವಾ."

ಇಬ್ಬರನ್ನೂ ಹಿಡಿದು ಒಯ್ದರಂತೆ. ಅಪ್ಪನಿಗೆ ಜೈಲಾಯಿತು. ಮೌಲಾಸಾಬನನ್ನು ಎಂಟು ದಿನ ಬಡಿದು ಬಿಟ್ಟರು. ಎಲೆ ಕೊಯ್ಯುವವರು ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಳ್ಳುತ್ತಾರೆ, ತೊಟ್ಟನ್ನು ಅದರಿಂದ ಚಿವುಟುತ್ತಾರೆ. ಆ ಬಲಗೈ ಹೆಬ್ಬೆರಳನ್ನೇ ಅವರು ಮುರಿದಿದ್ದರು. ಬೇಗ ಬಿಡುಗಡೆಯಾಗಿ ಬಂದದ್ದೇ ಮುಳುವಾಯಿತು.

"ಎಂಟ ದಿನಕ್ಕ ಬಿಟ್ರು ಅಂದ್ರ ಏನೋ ಬಾಯಿ ಬಿಟ್ಟಾನ ಅಂದ್ರು ಮಂದಿ. ಆಮ್ಯಾಲೆ ಜೈಲಿಂದ ಬಂದವರೂ ಅದನ್ನ ಅಂದ್ರು. ನಮ್ಮ ತೋಟದ ಎಲಿ ಲಗ್ನಕ್ಕ ಬ್ಯಾಡ, ನಿಶ್ಚಯಕ್ಕ ಬ್ಯಾಡ ಅಂತಾತು. ದ್ರೋಹಿ ಎಲಿ ತಾಂಬೂಲದಾಗ ಇಟ್ರ ಸಂಸಾರ ನಿಂದ್ರಂಗಿಲ್ಲ ಅಂತ. ಎಲಿ ಬುಟ್ಟ್ಯಾಗ ಕರ್ರಗಾಗಿ ಹೊಳ್ಳಿ ಬರ್ತಿದ್ವು. ಮೂರು ವರ್ಷಕ್ಕ ಬಳ್ಳಿ ಕಿತ್ತು ಹಾಕಿದ್ವಿ. ನಿಮ್ಮ ಊರಾಗ ನನ್ನ ಲಗ್ನಾ ಗೊತ್ತಾಗಿತ್ತು, ಅದೂ ಮುರೀತು."

"ಅಮ್ಮಾ, ಸಾಕ ಬಿಡ," ಅಂದ ದಾದಾಪೀರ್ ಬಾಗಿಲಿನಿಂದ. "ಎಂಬತ್ತು ವರ್ಷದ ಹಿಂದಿನ ಚಪ್ಪಲಿ ಹುಡುಕಿ ಯಾರ ಕಾಲಿಗೆ ಹಾಕಾಕಿ?"

"ನೀ ಸುಮ್ನಿರ. ಬಾಯಾರ, ನಮ್ಮ ಅಬ್ಬಾನ ಹೆಸರು ಕಲ್ಲಿನ ಮ್ಯಾಲೆ ಕೊರಸ್ರಿ ಅನ್ನಂಗಿಲ್ಲ ನಾನು. ಚಪ್ಪಲಿ ಹೊರಗಿದ್ವು ಅಂತ ಬರೀರಿ. ಅಷ್ಟ. ಓದೋರು ಉಳದದ್ದು ತಿಳಕೋತಾರ."

ಅವರು ಮುಂದುವರಿದರು. "ಒಮ್ಮೆ ಬಂದಿದ್ರು ನಿಮ್ಮಪ್ಪಾರು. ಈ ದಾದಾಪೀರ ಹೊಟ್ಟ್ಯಾಗಿದ್ದ. ಅಬ್ಬಾ ಹಾಸಿಗಿ ಹಿಡದು ಒಳಗ ಮಲಗಿದ್ದ. ಬಾಗಲದಾಗ ನಿಂತ್ರು, ಕೈಯಾಗ ಚಪ್ಪಲಿ ಹಿಡ್ಕೊಂಡು. ಹೊರಗ ಬಿಟ್ಟು ಬರ್ರಿ ಮಾಮಾ ಅಂದೆ. ಬಿಡಲಿಲ್ಲ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ ನಿಂತೆ. 'ನೀರ ಕೊಡವ್ವಾ' ಅಂದ್ರು. ಕೊಟ್ಟೆ. ಕುಡದ್ರು, ಹೋದ್ರು. 'ಯಾರು ಬಂದಿದ್ರು?' ಅಂತ ಕೇಳಿದ ಅಬ್ಬಾ. 'ಮಾಸ್ತರ್ರು.' 'ಏನಂದ್ರು?' 'ನೀರು ಬೇಡಿದ್ರು.' 'ಕೊಟ್ಟಿ ಹೌದಿಲ್ಲೋ?' ಅಂದ. ಅಷ್ಟ ಕೇಳಿದ, ಮತ್ತೇನೂ ಕೇಳಲಿಲ್ಲ."

ಕಂಕುಳಿನ ಆ ಪೇಪರ್ ಪೊಟ್ಟಣ ನನ್ನ ಕಣ್ಣ ಮುಂದೆ ಬಂತು. ಸಿಸ್ಟರ್ ಚಾಚಿದ ಕೈ ಬಂತು. ಸರಳತೆ, ಅಪರಿಗ್ರಹ ಎಂದು ಹತ್ತು ನಿಮಿಷ ಮಾತಾಡಿದವರು ಬಂದರು. ಅಪ್ಪನಿಗೆ ಗೊತ್ತಿತ್ತು. ಸೆರೆಸಿಕ್ಕ ದಿನದಿಂದ ಸಾಯುವ ದಿನದವರೆಗೆ, ಬಾಗಿಲು ಕಂಡಾಗಲೆಲ್ಲ, ಗೊತ್ತಿತ್ತು. ಲಾಠಿಗೆ ಹೆದರದ ಮನುಷ್ಯ ಒಂದು ಜೊತೆ ಚಪ್ಪಲಿಗೆ ಹೆದರಿದರು. ಮೊದಲು ಅವರು ಸುಳ್ಳು ಹೇಳಿರಲಿಕ್ಕಿಲ್ಲ. ಲಾಕಪ್ಪಿನಲ್ಲಿ ಸಂಗಾತಿಗಳು "ಯಾರು ಹಿಡಿದುಕೊಟ್ಟರು, ಆ ಸಾಬನೇ ಇರಬೇಕು" ಅಂದಿರುತ್ತಾರೆ, ಇವರು ಸುಮ್ಮನಿದ್ದಿರುತ್ತಾರೆ. ತಂತಿ ಕಡಿದ ಧೀರ, ಚಪ್ಪಲಿ ಮುಚ್ಚಿಡಲು ಮರೆತು ಸಿಕ್ಕಿಬಿದ್ದ ಎಂದು ಯಾರು ಹೇಳಿಕೊಳ್ಳುತ್ತಾರೆ? ಸುಮ್ಮನಿದ್ದದ್ದೇ ವರ್ಷ ಕಳೆದಂತೆ ಮಾತಾಯಿತು, ಮಾತು ಬರಹವಾಯಿತು. ಆ ಬರಹವನ್ನು ನಾನು ಅದರ ಹಿಂದಿನ ತಿಂಗಳಷ್ಟೇ ಟೈಪು ಮಾಡಿದ್ದೆ.

"ಬರೀತೇನಿ," ಅಂದೆ ಹುಸೇನಬಿಯ ಕೈ ಹಿಡಿದು. "ಐ ಗಿವ್ ಯೂ ಮೈ ವರ್ಡ್."

"ಹಂಗಂದ್ರ?"

"ಮಾತು ಕೊಟ್ಟೇನಿ ಅಂತ."

"ಕನ್ನಡದಾಗ ಕೊಡ್ರಿ," ಅಂದು ನಕ್ಕರು. ಹಲ್ಲಿಲ್ಲದ ನಗು. ಕನ್ನಡದಲ್ಲೂ ಕೊಟ್ಟೆ.

ಮರುದಿನ ಶಿವಬಸಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಬಹಳ ಮೃದುವಾಗಿ, ಮಗುವಿಗೆ ಹೇಳುವಂತೆ ಹೇಳಿದರು.

"ಬಾಯಾರ, ನಿಮ್ಮ ಅಪ್ಪಾರು ಸ್ವತಃ ತಮ್ಮ ಕೈಲೆ ಬರದದ್ದು. ಅದನ್ನ ಕಡದು ಹಾಕಾಕ ನಾವ್ಯಾರು? ಒಂದ ಸಾಲು ಸುಳ್ಳು ಅಂದ್ರ ಉಳದದ್ದೂ ಸುಳ್ಳಿರಬೇಕು ಅಂತಾರ ಮಂದಿ. ನಿಮ್ಮಪ್ಪಾರ ಹೆಸರು ಕಲ್ಲಿನ ಮ್ಯಾಲೆ ಮೊದಲನೇದು. ಮತ್ತ ಇದು ಹಿಂಥಾ ಕಾಲ. ಹಬ್ಬದ ದಿನ ಹಿಂದೂ-ಮುಸಲ್ಮಾನ ಅಂತ ಜಗಳಾ ಎಬ್ಬಿಸಬ್ಯಾಡ್ರಿ."

"ಎಬ್ಬಿಸಿದ್ದು ನಾವೇ ಅಲ್ಲವೇ? ಎಂಬತ್ತು ವರ್ಷದಿಂದ?"

"ಹೌದ್ರಿ. ಎಂಬತ್ತು ವರ್ಷ ಆತು. ಎಲ್ಲಾರಿಗೂ ರೂಢಿಯಾಗೇತಿ," ಅಂದರು.

ಕೊನೆಯ ಪ್ರೂಫು ಬಂದಾಗ ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ತಿದ್ದಿದ ಮೇಲೆ ಇನ್ನೊಬ್ಬರು ನೋಡುವುದಿಲ್ಲ ಎಂದೂ ಗೊತ್ತಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಆ ಒಂದು ಪುಟ ಹಿಡಿದು ಕುಳಿತೆ. ಗೋಡೆಯ ಮೇಲೆ ಅಪ್ಪನ ಫೋಟೋ, ಅದರ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಅವರ ಚಪ್ಪಲಿ. ಹೌದು, ಅದನ್ನೂ ನಾವು ಗಾಜಿನಲ್ಲಿಟ್ಟಿದ್ದೆವು. ಕೊನೆಗೆ ಒಂದು ಹೆಸರು ಮಾತ್ರ ಹೊಡೆದುಹಾಕಿದೆ. "ತೋಟದ ಮೌಲಾಸಾಬನ ದ್ರೋಹದಿಂದ ಸೆರೆಸಿಕ್ಕೆ" ಇದ್ದದ್ದು "ದ್ರೋಹದಿಂದ ಸೆರೆಸಿಕ್ಕೆ" ಎಂದಾಯಿತು. ಚಪ್ಪಲಿಯ ಮಾತು ಬರೆಯಲಿಲ್ಲ. ಇದು ಕಾಂಪ್ರಮೈಸ್, ಯಾರಿಗೂ ನೋವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವತ್ತು ಊಟ ರುಚಿಸಿತು ಕೂಡ. ಅದನ್ನು ಬರೆಯದಿದ್ದರೆ ಮೋಸವಾದೀತು.

ಆಗಸ್ಟ್ ಹದಿನೈದರಂದು ಮಳೆ ಬಿಡುವು ಕೊಟ್ಟಿತ್ತು. ಕಲ್ಲಿಗೆ ಹೂವಿನ ಪರದೆ, ಮೈಕು, ಶಾಲೆಯ ಮಕ್ಕಳು. ನನಗೆ ವೇದಿಕೆಯ ಮೇಲೆ ಎರಡನೆಯ ಕುರ್ಚಿ, ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ನಿರೂಪಣೆ ಮಾಡುತ್ತಿದ್ದ ಹುರುಪಿನ ಮಾಸ್ತರರೊಬ್ಬರು ಪುಸ್ತಕ ತೆರೆದು ಅಪ್ಪನ ಬರಹವನ್ನೇ ಗಟ್ಟಿಯಾಗಿ ಓದಿದರು. ಆ ಸಾಲಿಗೆ ಬಂದರು. "ದ್ರೋಹದಿಂದ ಸೆರೆಸಿಕ್ಕೆ..." ಎಂದು ಓದಿ ನಿಲ್ಲಿಸಿ, ಪುಸ್ತಕದಿಂದ ತಲೆ ಎತ್ತಿದರು.

"ಯಾರ ದ್ರೋಹ? ದೊಡ್ಡ ಮನಸ್ಸಿನ ನಮ್ಮ ಮಾಸ್ತರ್ರು ಹೆಸರು ಬರೆದಿಲ್ಲ. ಆದ್ರ ನಮಗೆಲ್ಲಾ ಗೊತ್ತೈತಿ! ಆ ಎಲಿತೋಟದ ಮೌಲಾಸಾಬ!"

ಜನ "ಹೋ" ಅಂದರು. ಚಪ್ಪಾಳೆ ತಟ್ಟಿದರು. ಅಪ್ಪನ ದೊಡ್ಡ ಮನಸ್ಸಿಗೆ.

ನನ್ನ ಕೆಂಪು ಪೆನ್ನು ಮಾಡಿದ್ದು ಇಷ್ಟೇ. ಮೈಕು ನನ್ನಿಂದ ನಾಲ್ಕು ಹೆಜ್ಜೆ. ಎದ್ದು ಹೋಗಿ "ಚಪ್ಪಲಿ ಹೊರಗಿದ್ದವು" ಅನ್ನಲು ಎಷ್ಟು ಹೊತ್ತು ಬೇಕು? ತೊಡೆಯ ಮೇಲೆ ಹಣ್ಣಿನ ಬುಟ್ಟಿಯಿತ್ತು. ಅದನ್ನು ಎಲ್ಲಿ ಇಡಲಿ ಎಂದು ಯೋಚಿಸಿದೆ. ಯೋಚಿಸುತ್ತಿರುವಾಗ ರಾಷ್ಟ್ರಗೀತೆ ಶುರುವಾಯಿತು. ಆಗ ಎಲ್ಲರ ಜೊತೆ ಎದ್ದು ನಿಂತೆ.

ಸೆಪ್ಟೆಂಬರಿನಲ್ಲಿ ಪುಸ್ತಕ ಹಿಡಿದು ಸವಣೂರಿಗೆ ಹೋದೆ. ಹುಸೇನಬಿ ಅದನ್ನು ಮೊದಲು ಮೂಸಿ ನೋಡಿದರು, ಆಮೇಲೆ ದಾದಾಪೀರನ ಕೈಗೆ ಕೊಟ್ಟರು. ಅವನು ಹುಡುಕಿ ಓದಿದ. "ಅಜ್ಜಾನ ಹೆಸರು ತಗದಾರ ಅಮ್ಮಾ."

"ಮತ್ತ ಚಪ್ಪಲಿ?"

"ಇಲ್ಲ."

"ದ್ರೋಹ ಅಂಬೂದು?"

"ಐತಿ."

ಅವರು ನನ್ನ ಕಡೆ ತಿರುಗಿದರು. ಏನೂ ಕೇಳಲಿಲ್ಲ, ಕಾದರು. ಬಾಗಿಲಲ್ಲಿ ಅಪ್ಪ ನಿಂತಾಗ ಕಾದಂತೆಯೇ ಕಾದಿರಬೇಕು. ಶಿವಬಸಪ್ಪನವರ ಹೆಸರು ನಾಲಿಗೆಯವರೆಗೆ ಬಂತು, ಸಮಿತಿ ಬಂತು, ಕಾಲ ಬಂತು. ನನ್ನ ಹೆಸರು ಮಾತ್ರ ಬರಲಿಲ್ಲ.

"ಸ್ವಲ್ಪ ನೀರು ಕೊಡ್ತೀರೇನ್ರಿ," ಅಂದೆ.

ಅಂದ ಮೇಲೆ ನನಗೆ ಕೇಳಿಸಿತು, ಏನಂದೆ ಎಂದು. ಅವರಿಗೂ ಕೇಳಿಸಿತು. "ಕೊಡೋ ದಾದಾ, ಬಾಯಾರಿಗೆ ನೀರು ಕೊಡ," ಅಂದರು ಬಹಳ ಮೆಲ್ಲಗೆ. ಕುಡಿದೆ. ಎದ್ದು ಬಂದೆ.

ಅದಾದ ಮೇಲೆ ಹೋಗಿರಲಿಲ್ಲ. ಸವಣೂರಿನ ಮೇಲೆ ಹಾಯುವ ಕೆಲಸವಿದ್ದರೂ ಬೇರೆ ದಾರಿ ಹಿಡಿಯುತ್ತಿದ್ದೆ. ಹೋದ ವಾರ ಬಂಧುಗಳ ಮನೆಯಿಂದ ಬರುವಾಗ ಬೇರೆ ಬಸ್ಸು ಸಿಗಲಿಲ್ಲ, ಅಲ್ಲಿ ಇಳಿಯಬೇಕಾಯಿತು. ಆಗಲೇ ಆ ಬುಟ್ಟಿಗಳು ಬಂದದ್ದು, ನಾನು ಎದ್ದು ಓಣಿಯ ಕಡೆ ನಡೆದದ್ದು.

ದಾದಾಪೀರ್ ಅಂಗಡಿಯಲ್ಲಿದ್ದ. ಕಣ್ಣಿಗೆ ಕನ್ನಡಕ ಬಂದಿತ್ತು, ಕೈ ಹಾಗೆಯೇ ಎಲೆ ಒರೆಸುತ್ತಿತ್ತು.

"ಅಮ್ಮಾ?"

"ಅಮ್ಮಾ ಹೋಗಿ ಎರಡ ವರ್ಷಾತ್ರಿ."

ಅಂಗಡಿಯ ಕಟ್ಟೆ ಹಿಡಿದು ನಿಂತೆ. ಆಮೇಲೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಅಪ್ಪನ ಕಂಕುಳಿನ ಪೊಟ್ಟಣವನ್ನು, ಅವರು ಮರೆತದ್ದನ್ನು, ಅವರಿಗೆ ಗೊತ್ತಿದ್ದದ್ದನ್ನು, ಕೆಂಪು ಪೆನ್ನನ್ನು, ಹಣ್ಣಿನ ಬುಟ್ಟಿಯನ್ನು. ಅವನು ನಡುವೆ ಒಬ್ಬ ಗಿರಾಕಿಗೆ ಎಲೆ ಕಟ್ಟಿಕೊಟ್ಟ. ನನ್ನ ಮಾತು ಮುಗಿಯುವವರೆಗೆ ತಲೆ ಎತ್ತಲಿಲ್ಲ.

"ನಮಗ್ಯಾಕ ಹೇಳಾಕತ್ತೀರಿ ಬಾಯಾರ?" ಅಂದ. "ನಮಗ ಗೊತ್ತೈತಿ. ನಿಮ್ಮೂರಾಗ ಹೇಳ್ರಿ."

ಅಷ್ಟಂದು, ಕೇಳದೆಯೇ ಒಂದು ಲೋಟ ನೀರು ತಂದು ಕಟ್ಟೆಯ ಮೇಲಿಟ್ಟ. ಅದು ಮರ್ಯಾದೆಯೋ ಹಂಗಿಸಿದ್ದೋ ನನಗೆ ತಿಳಿಯಲಿಲ್ಲ. ನಾನು ಮುಟ್ಟಲಿಲ್ಲ.

ಹಾನಗಲ್ಲಿನ ಕಲ್ಲು ಈಗ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಶಿವಬಸಪ್ಪನವರು ರಿಪೇರಿ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಮಾಡಿಸಲಿ. ನಾನು ಮನೆಗೆ ಬಂದವಳು ಗಾಜಿನ ಪೆಟ್ಟಿಗೆ ತೆರೆದು ಆ ಚಪ್ಪಲಿಯನ್ನು ತೆಗೆದೆ. ಬಾಗಿಲ ಹೊರಗೆ, ಎಲ್ಲರೂ ಬಿಡುವ ಜಾಗದಲ್ಲಿ ಇಟ್ಟೆ. ಓಣಿಯಲ್ಲಿ ಹಾಯುವವರು ನಿಂತು ನೋಡುತ್ತಾರೆ, "ಯಾಕ್ರಿ ಬಾಯಾರ, ಮಾಸ್ತರ ಚಪ್ಪಲಿ ಹೊರಗ?" ಅನ್ನುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಅರ್ಧ ಕೇಳಿ ಕೆಲವರು ಹೊರಟುಹೋಗುತ್ತಾರೆ, ಮುದುಕಿಗೆ ಅರಳುಮರಳು ಅನ್ನುತ್ತಾರೆ. ಅದಕ್ಕೇ ಬರೆದೂ ಇಡುತ್ತಿದ್ದೇನೆ. ಹುಸೇನಬಿಗೆ ಬೇಕಾಗಿದ್ದದ್ದು ಒಂದೇ ಸಾಲು, ಅವರು ಓದಿಸಿ ಕೇಳುವಾಗ ಬೇಕಾಗಿತ್ತು. ಈಗ ಯಾರಿಗೂ ಬೇಡವಾದ ಮೇಲೆ ಬರೆಯುತ್ತಿದ್ದೇನೆ:

ಚಪ್ಪಲಿ ದಿಡ್ಡಿಯ ಹೊರಗಿದ್ದವು. ಮೌಲಾಸಾಬ ಯಾರಿಗೂ ಏನೂ ಹೇಳಿರಲಿಲ್ಲ.